ಗಾಜಿನ ತಳದ ದೋಣಿಯಿಂದ ಕಂಡ ಅಲೆತಡೆ: ಅಗತ್ತಿಯ ಲಗೂನ್ ವಿಹಾರದ ವಿಮರ್ಶೆ

ಲಕ್ಷದ್ವೀಪದ ಅಗತ್ತಿಗೆ ಹೋದ ಪ್ರವಾಸಿಗರಲ್ಲಿ ಗಾಜಿನ ತಳದ ದೋಣಿ ಹತ್ತದೆ ಮರಳುವವರು ಕಡಿಮೆ. ಫೆಬ್ರುವರಿಯಲ್ಲಿ ನಾನು ಕುಟುಂಬದೊಂದಿಗೆ ಅಲ್ಲಿ ನಾಲ್ಕು ದಿನ ಇದ್ದಾಗ ಒಬ್ಬರೇ ಮಾಲೀಕರ ದೋಣಿ ಸೇವೆಯನ್ನು ಎರಡು ಬಾರಿ ಬಳಸಿದೆ. ಮೊದಲ ಸಲ ಹೋದದ್ದು ಉಬ್ಬರದ ಹೊತ್ತಿನಲ್ಲಿ, ಎರಡನೆಯ ಸಲ ಇಳಿತದ ಹೊತ್ತಿನಲ್ಲಿ. ದೋಣಿ, ದರ, ಸುರಕ್ಷತೆ, ಸಿಬ್ಬಂದಿ ಇವುಗಳ ಬಗ್ಗೆ ಮುಂದೆ ಹೇಳುತ್ತೇನೆ. ಆದರೆ ನಾನು ಆ ದೋಣಿ ಹತ್ತಿದ ಉದ್ದೇಶ ಬಣ್ಣದ ಮೀನುಗಳನ್ನು ನೋಡುವುದಷ್ಟೇ ಆಗಿರಲಿಲ್ಲ. ನಾನು ಮಂಗಳೂರಿನ ಬಳಿಯ ಉಳ್ಳಾಲದ ಕಡಲ ಬದಿಯಲ್ಲಿ ಬೆಳೆದವನು. ಪ್ರತಿ ಮಳೆಗಾಲದಲ್ಲೂ ಕಡಲ್ಕೊರೆತಕ್ಕೆ ತೆಂಗಿನ ಮರಗಳು ಬೇರುಸಹಿತ ಉರುಳುವುದನ್ನೂ, ಲಾರಿಗಟ್ಟಲೆ ಕಗ್ಗಲ್ಲು ತಂದು ಸುರಿದ ತಡೆಗೋಡೆ ಎರಡು ಮೂರು ವರ್ಷಗಳಲ್ಲಿ ಮರಳಿನೊಳಗೆ ಕುಸಿಯುವುದನ್ನೂ ನೋಡುತ್ತಾ ದೊಡ್ಡವನಾದೆ. ಸಮುದ್ರಮಟ್ಟದಿಂದ ಒಂದೆರಡು ಮೀಟರಷ್ಟೇ ಎತ್ತರದಲ್ಲಿರುವ, ಸುಮಾರು 7 ಕಿಲೊಮೀಟರ್ ಉದ್ದದ, ಅಗಲದಲ್ಲಿ ಒಂದು ಕಿಲೊಮೀಟರನ್ನೂ ಮೀರದ ಮರಳಿನ ಪಟ್ಟಿಯೊಂದು ಅದೇ ಅರಬ್ಬಿ ಸಮುದ್ರದ ನಡುವೆ, ಯಾವ ಬೆಟ್ಟದ ಆಸರೆಯೂ ಇಲ್ಲದೆ, ಶತಮಾನಗಳಿಂದ ಹೇಗೆ ಉಳಿದುಕೊಂಡಿದೆ ಎಂಬ ಪ್ರಶ್ನೆಗೆ ಉತ್ತರವನ್ನು ಕಣ್ಣಾರೆ ನೋಡಬೇಕೆಂದು ಹೋಗಿದ್ದೆ. ಈ ಸೇವೆಯನ್ನು ನಾನು ಅಳೆಯುವುದೂ ಅದೇ ಅಳತೆಗೋಲಿನಿಂದ.

ಕೊಚ್ಚಿಯಿಂದ ಬಂದ ಸಣ್ಣ ವಿಮಾನ ಇಳಿಯುವ ಮುನ್ನ ಕಿಟಕಿಯಿಂದ ಕಂಡ ನೋಟದಲ್ಲಿಯೇ ಉತ್ತರದ ಅರ್ಧ ಭಾಗವಿತ್ತು. ಕಡುನೀಲಿ ಸಮುದ್ರದಲ್ಲಿ ಬಿಳಿ ನೊರೆಯ ಒಂದು ಗೆರೆ, ಅದರ ಒಳಗೆ ತಿಳಿಹಸಿರು ನೀರಿನ ಹರವು, ಆ ಹರವಿನ ಪೂರ್ವದ ಅಂಚಿನಲ್ಲಿ ದ್ವೀಪ. ಬಿಳಿ ಗೆರೆಯೇ ಹವಳದ ದಿಬ್ಬದ, ಅಂದರೆ ಹವಳವೆಂಬ ಪುಟ್ಟ ಕಡಲಜೀವಿಗಳು ಸುಣ್ಣದಿಂದ ಕಟ್ಟಿದ ದಿಬ್ಬದ, ನೆತ್ತಿ. ಒಳಗಿನ ತಿಳಿನೀರು ಲಗೂನ್. ಅಗತ್ತಿಯ ಲಗೂನಿನ ವಿಸ್ತಾರ ಸುಮಾರು 17.5 ಚದರ ಕಿಲೊಮೀಟರ್. ಅದು ಕಾಯುವ ನೆಲದ ವಿಸ್ತಾರ, ಪಕ್ಕದ ಪುಟ್ಟ ದ್ವೀಪ ಕಲ್ಪಿಟ್ಟಿಯೂ ಸೇರಿ, 3.84 ಚದರ ಕಿಲೊಮೀಟರ್. ಅಂಗಳ ಮನೆಗಿಂತ ಸುಮಾರು ನಾಲ್ಕೂವರೆ ಪಟ್ಟು ದೊಡ್ಡದು. ಮುಂಗಾರಿನ ಅಲೆಗಳು ಬರುವುದು ನೈಋತ್ಯ ಮತ್ತು ಪಶ್ಚಿಮದಿಂದ. ಲಗೂನ್ ಇರುವುದೂ ಪಶ್ಚಿಮಕ್ಕೇ. ಲಕ್ಷದ್ವೀಪದ ಬಹುತೇಕ ದ್ವೀಪಗಳು ಹೀಗೆ ಹವಳದ ಉಂಗುರದ ಪೂರ್ವ ಬದಿಗೆ ಒರಗಿಕೊಂಡಿವೆ. ಲಗೂನೇ ಇಲ್ಲದ ಆಂಡ್ರೋತ್ ಇದಕ್ಕೆ ಅಪವಾದ.

ಈಗ ದೋಣಿಯ ವಿಷಯ. ಫೈಬರಿನ ಅಗಲ ದೋಣಿ. ನಡುವೆ ಎರಡು ಸಾಲಿನಲ್ಲಿ ದಪ್ಪ ಗಾಜಿನ ಹಲಗೆಗಳು, ಸುತ್ತ ಕುಳಿತುಕೊಳ್ಳಲು ಪಟ್ಟಿ, ಮೇಲೆ ಟಾರ್ಪಾಲಿನ ನೆರಳು. ಹತ್ತು ಜನರಿಗೆ ಸಾಕು. ತಲೆಗೆ 1,200 ರೂಪಾಯಿ ದರದಲ್ಲಿ ಎರಡು ಗಂಟೆಗಳ ವಿಹಾರ, ಅದರಲ್ಲಿ ಅರ್ಧ ಗಂಟೆ ಸ್ನಾರ್ಕೆಲ್ (ಉಸಿರಾಟದ ಕೊಳವೆ) ಕಟ್ಟಿಕೊಂಡು ನೀರಿಗೆ ಇಳಿಯುವ ಅವಕಾಶ. ಎಲ್ಲರಿಗೂ ಲೈಫ್ ಜಾಕೆಟ್ ಕೊಟ್ಟರು. ನನ್ನ ಎಂಟು ವರ್ಷದ ಮಗಳಿಗೆ ಅವಳ ಅಳತೆಯದ್ದನ್ನೇ ಹುಡುಕಿ ತಂದು, ಪಟ್ಟಿ ಬಿಗಿದು, ಎರಡು ಸಲ ಎಳೆದು ನೋಡಿದ ಮೇಲೆಯೇ ದೋಣಿ ಬಿಟ್ಟರು. ಸುರಕ್ಷತೆಯ ವಿಷಯದಲ್ಲಿ ನನಗೆ ಯಾವ ದೂರೂ ಇಲ್ಲ. ಗಾಜು ಮಾತ್ರ ಹಳೆಯದು. ಗೀರುಗಳು ಬಿದ್ದು ಮಸುಕಾದ ಎರಡು ಹಲಗೆಗಳ ಬಳಿ ಕುಳಿತವರು ಬಹುಮಟ್ಟಿಗೆ ದೋಣಿಯ ಅಂಚಿನಿಂದಲೇ ಇಣುಕಬೇಕಾಯಿತು. ಲಗೂನಿನ ನೀರು ಅಷ್ಟು ತಿಳಿಯಾಗಿರುವುದರಿಂದ ಅದೇನೂ ದೊಡ್ಡ ನಷ್ಟವಲ್ಲ.

ಮೊದಲ ಯಾನ ನಡೆದದ್ದು ಮಧ್ಯಾಹ್ನದ ಉಬ್ಬರದಲ್ಲಿ. ದಡದಿಂದ ಹೊರಟ ಕೂಡಲೇ ಗಾಜಿನ ಕೆಳಗೆ ಕಂಡದ್ದು ಬರೀ ಬಿಳಿ ಮರಳು. ಸಹಪ್ರಯಾಣಿಕರು ಇದರಿಂದ ಬೇಸರಗೊಂಡಂತೆ ಕಂಡರು. ಆದರೆ ಆ ಮರಳೇ ಈ ಕಥೆಯ ಮುಖ್ಯ ಪಾತ್ರ. ಉಳ್ಳಾಲದ ಮರಳು ನೇತ್ರಾವತಿ ಘಟ್ಟದಿಂದ ಹೊತ್ತು ತಂದದ್ದು. ಅಗತ್ತಿಗೆ ನದಿಯೂ ಇಲ್ಲ, ಘಟ್ಟವೂ ಇಲ್ಲ. ಇಲ್ಲಿನ ಪ್ರತಿಯೊಂದು ಮರಳ ಕಣವೂ ಜೀವಿಯೊಂದರ ಸುಣ್ಣದ ಒಡಲಿನಿಂದ ಬಂದದ್ದು: ಒಡೆದ ಹವಳ, ಚಿಪ್ಪು, ಸುಣ್ಣ ಕಟ್ಟುವ ಪಾಚಿ, ಸೂಕ್ಷ್ಮಜೀವಿಗಳ ಕವಚ. ಇದರಲ್ಲಿ ಗಿಳಿಮೀನಿನ ಪಾಲು ದೊಡ್ಡದು. ಗಿಳಿಯ ಕೊಕ್ಕಿನಂತಹ ಹಲ್ಲುಗಳಿಂದ ಅದು ಹವಳದ ಮೇಲಿನ ಪಾಚಿಯನ್ನು ಕೆರೆಯುವಾಗ ಸುಣ್ಣದ ಕಲ್ಲನ್ನೂ ಕಚ್ಚಿ ನುಂಗುತ್ತದೆ, ಗಂಟಲೊಳಗೆ ಅರೆದು ಮರಳಾಗಿ ಹೊರಹಾಕುತ್ತದೆ. ದೊಡ್ಡ ಜಾತಿಯ ಒಂದು ಗಿಳಿಮೀನು ವರ್ಷಕ್ಕೆ ನೂರಾರು ಕಿಲೊ ಮರಳು ತಯಾರಿಸಬಲ್ಲದು. ಹವಳದ ದಿಬ್ಬ ದಡಕ್ಕೆ ಮಾಡುವ ಉಪಕಾರ ಇಮ್ಮಡಿ ಎಂಬುದು ನನಗೆ ಗಟ್ಟಿಯಾಗಿ ಮನದಟ್ಟಾದದ್ದು ಇಲ್ಲಿ. ದಿಬ್ಬವು ಅಲೆಯ ಬಲ ಮುರಿದು ಇರುವ ಮರಳು ಕೊಚ್ಚಿಹೋಗದಂತೆ ನೋಡಿಕೊಳ್ಳುತ್ತದೆ. ಕೊಚ್ಚಿಹೋದಷ್ಟಕ್ಕೆ ಹೊಸ ಮರಳನ್ನೂ ಒದಗಿಸುತ್ತದೆ. ಕಗ್ಗಲ್ಲಿನ ಗೋಡೆ ಮೊದಲನೆಯದನ್ನು ಒಂದಿಷ್ಟು ಮಾಡೀತು, ಎರಡನೆಯದನ್ನು ಎಂದೂ ಮಾಡಲಾರದು.

ಇಷ್ಟನ್ನು ದೋಣಿಯಲ್ಲಿ ಯಾರೂ ಹೇಳಲಿಲ್ಲ ಎಂಬುದು ನನ್ನ ಮೊದಲ ಆಕ್ಷೇಪ. ಮಾರ್ಗದರ್ಶಕ ಯುವಕ ಮೀನುಗಳ ಹೆಸರುಗಳನ್ನು ಚೆನ್ನಾಗಿ ಬಲ್ಲ; ಹವಳದ ಗುಡ್ಡೆಗಳ ಬಳಿ ದೋಣಿ ನಿಂತಾಗ ಕೋಡಂಗಿ ಮೀನು, ಚಿಟ್ಟೆಮೀನು, ಗಿಳಿಮೀನು ಎಂದು ಒಂದೊಂದನ್ನೂ ಬೆರಳಿಟ್ಟು ತೋರಿಸಿದ. ಆದರೆ ಗಿಳಿಮೀನು ಹವಳವನ್ನು ಕಚ್ಚುವ ಸದ್ದು ನೀರೊಳಗೆ ಕಿವಿಗೆ ಸ್ಪಷ್ಟವಾಗಿ ಕೇಳುತ್ತಿದ್ದಾಗಲೂ ಆ ಸದ್ದಿಗೂ ನಾವು ಬೆಳಿಗ್ಗೆ ನಡೆದಾಡಿದ ದಡಕ್ಕೂ ಇರುವ ನಂಟನ್ನು ಆತ ಹೇಳಲಿಲ್ಲ. ಒಂದೇ ವಾಕ್ಯ ಸಾಕಿತ್ತು. ಮೇಲಾಗಿ, ಮೀನುಗಳನ್ನು ಒಟ್ಟುಗೂಡಿಸಲು ಆತ ಬ್ರೆಡ್ಡಿನ ಚೂರುಗಳನ್ನು ಎಸೆದದ್ದು ನನಗೆ ಒಪ್ಪಿಗೆಯಾಗಲಿಲ್ಲ. ಪಾಚಿ ಮೇಯಬೇಕಾದ ಮೀನಿಗೆ ಬ್ರೆಡ್ಡಿನ ರೂಢಿ ಮಾಡಿಸುವುದು ಹವಳದ ಹಿತಕ್ಕೆ ವಿರುದ್ಧವಾದದ್ದು. ಮೇಯುವ ಮೀನುಗಳು ಪಾಚಿಯನ್ನು ಹಿಡಿತದಲ್ಲಿ ಇಟ್ಟರೆ ಮಾತ್ರ ಹವಳದ ಮರಿಗಳಿಗೆ ಅಂಟಿಕೊಳ್ಳಲು ಬರಿಯ ಕಲ್ಲು ಸಿಗುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ದೋಣಿ ನಿಲ್ಲಿಸಲು ಲಂಗರನ್ನು ನೇರವಾಗಿ ಹವಳದ ಗುಡ್ಡೆಯ ಮೇಲೆಯೇ ಇಳಿಸಿದರು. ಗಾಜಿನ ಮೂಲಕ ನೋಡುತ್ತಿದ್ದ ನಮಗೆಲ್ಲ ಕವಲುಹವಳದ ಕೊಂಬೆಯೊಂದು ಮುರಿದು ಬಿದ್ದದ್ದು ಕಂಡಿತು. ಗಟ್ಟಿ ಹವಳದ ಎಲ್ಲ ಜಾತಿಗಳೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಸೇರಿವೆ. ಹುಲಿಗೆ ಇರುವ ರಕ್ಷಣೆಯೇ ಅವುಗಳಿಗೂ ಕಾಗದದ ಮೇಲೆ ಇದೆ. ಹತ್ತು ಮೀಟರ್ ಆಚೆ ಬರಿಯ ಮರಳಿತ್ತು, ಲಂಗರು ಅಲ್ಲಿಗೆ ಹಾಕಬಹುದಿತ್ತು. ಒಂದು ತೇಲುಗುಂಡನ್ನು ಶಾಶ್ವತವಾಗಿ ನೆಟ್ಟು ದೋಣಿಯನ್ನು ಅದಕ್ಕೆ ಕಟ್ಟುವ ವ್ಯವಸ್ಥೆ ಮಾಡಿದರೆ ಲಂಗರಿನ ಅಗತ್ಯವೇ ಬೀಳದು. ಇಳಿದ ಮೇಲೆ ನಾನು ಇದನ್ನು ದೋಣಿಯ ಮಾಲೀಕರಿಗೆ ಹೇಳಿದೆ. ಅವರು ವಾದಕ್ಕೆ ಇಳಿಯದೆ ಕೇಳಿಸಿಕೊಂಡರು ಎಂಬುದನ್ನು ಇಲ್ಲಿ ದಾಖಲಿಸಬೇಕು.

ಉಬ್ಬರದ ಆ ಮಧ್ಯಾಹ್ನ ದಿಬ್ಬದ ನೆತ್ತಿಯ ಕಡೆಗೆ ನೋಡಿದಾಗ ನೊರೆಯ ಗೆರೆ ಅಲ್ಲಲ್ಲಿ ಕಡಿದಿತ್ತು. ಅಲೆಗಳು ಒಡೆಯುತ್ತಿದ್ದವು, ಆದರೆ ಅವುಗಳ ಉಳಿಕೆ ನೆತ್ತಿಯನ್ನು ದಾಟಿ ಲಗೂನಿನೊಳಗೆ ಸಣ್ಣ ಏರಿಳಿತವಾಗಿ ಬಂದು ದೋಣಿಯನ್ನು ತೂಗುತ್ತಿತ್ತು. ಇಳಿತದಲ್ಲಿ ಇದು ಹೇಗಿರುತ್ತದೆ ಎಂದು ಮಾಲೀಕರನ್ನು ಕೇಳಿದೆ. ಅವರ ದ್ವೀಪದ ಜೆಸರಿ ಮಾತಿಗೂ ನನ್ನ ಬ್ಯಾರಿ ಮಾತಿಗೂ ನಡುವೆ ಅಷ್ಟೇನೂ ದೂರವಿಲ್ಲ. ಹಿಂದೆ ಕೊಬ್ಬರಿ ಮತ್ತು ಹುರಿಹಗ್ಗ ತುಂಬಿದ ಹಾಯಿಹಡಗುಗಳಲ್ಲಿ ಈ ದ್ವೀಪಗಳವರು ಮಂಗಳೂರಿನ ಹಳೆ ಬಂದರಿಗೆ ಬರುತ್ತಿದ್ದರು; ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳಂತೂ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಇಂದಿಗೂ ದ್ವೀಪಗಳಲ್ಲಿ ಮನೆ ಕಟ್ಟುವ ಜಲ್ಲಿ, ಸಿಮೆಂಟ್ ಮಂಗಳೂರಿನಿಂದ ಹಡಗೇರುತ್ತವೆ. ಮಂಗಳೂರಿನವನೆಂದು ತಿಳಿದ ಮೇಲೆ ಅವರ ಮಾತಿನಲ್ಲಿ ಸಲಿಗೆ ಬೆಳೆಯಿತು. ನಾಳೆ ಬೆಳಿಗ್ಗೆ ಇಳಿತವಿದೆ, ಆಗ ಬನ್ನಿ, ನೆತ್ತಿಯ ಹತ್ತಿರಕ್ಕೆ ಕರೆದೊಯ್ಯುತ್ತೇನೆ ಎಂದರು.

ಈ ವಿಮರ್ಶೆ ಬರೆಯಲು ಕಾರಣವೇ ಆ ಎರಡನೆಯ ಯಾನ.

ಬೆಳಿಗ್ಗೆ ಏಳಕ್ಕೆ ಹೊರಟೆವು. ಈ ಸಲ ದೋಣಿಯನ್ನು ಮಾಲೀಕರೇ ನಡೆಸಿದರು. ಲಗೂನಿನ ನೀರು ಬೋಗುಣಿಯಲ್ಲಿ ಹಿಡಿದಿಟ್ಟಂತೆ ಅಲುಗದೆ ನಿಂತಿತ್ತು. ನೆತ್ತಿಯಿಂದ ಸುಮಾರು ಇನ್ನೂರು ಮೀಟರ್ ಈಚೆಗೆ, ಮರಳಿನ ಮೇಲೆಯೇ, ಲಂಗರು ಇಳಿಸಿದರು. ಅಲ್ಲಿಂದ ಎದುರಿಗೆ ಕಂಡದ್ದನ್ನು ಹೀಗೆ ವಿವರಿಸಬಹುದು: ಹೊರಗಿನ ಸಮುದ್ರದಿಂದ ಉದ್ದನೆಯ ಅಲೆಯೊಂದು ಸದ್ದಿಲ್ಲದೆ ಬರುತ್ತದೆ, ದಿಬ್ಬದ ಹೊರಮೈ ಕಡಿದಾಗಿ ಮೇಲೇಳುವುದರಿಂದ ಅಲೆಯ ಕಾಲು ಅಲ್ಲಿ ತಟ್ಟನೆ ಎಡವುತ್ತದೆ, ಮೇಲ್ಭಾಗ ಮುಂದಕ್ಕೆ ಬಾಗಿ, ನಿಂತು, ನೆತ್ತಿಯ ಮೇಲೆ ಗುಡುಗಿನ ಸದ್ದಿನೊಂದಿಗೆ ಮುರಿಯುತ್ತದೆ. ನೀರಿನ ಆಳ ಅಲೆಯ ಎತ್ತರಕ್ಕೆ ಸಮೀಪಿಸಿದಾಗ ಅಲೆ ಒಡೆಯಲೇಬೇಕು. ದಡದಲ್ಲಿ ಆಗಬೇಕಾದ ಆ ಕೆಲಸ ಇಲ್ಲಿ ಮನೆಗಳಿಂದ ಒಂದೆರಡು ಕಿಲೊಮೀಟರ್ ದೂರದಲ್ಲೇ ಮುಗಿಯುತ್ತದೆ. ಅಳಿದುಳಿದ ನೊರೆನೀರು ದಿಬ್ಬದ ಚಪ್ಪಟೆಯ ಬೆನ್ನಿನ ಮೇಲೆ ಹರಿಯುವಾಗ ಹವಳದ ಕವಲು, ಗಂಟು, ಬಿಲಗಳ ಒರಟುತನಕ್ಕೆ ಉಜ್ಜಿ ಮತ್ತಷ್ಟು ಬಲ ಕಳೆದುಕೊಳ್ಳುತ್ತದೆ. ನಮ್ಮ ದೋಣಿಯ ಬಳಿಗೆ ಬಂದು ಮುಟ್ಟಿದ್ದು ಕೆರೆಯ ನೀರಿನ ಮೇಲೆ ಗಾಳಿ ಎಬ್ಬಿಸುವಂತಹ ನಿರಿಗೆ ಮಾತ್ರ.

ಜಗತ್ತಿನ ಹಲವೆಡೆ ನಡೆದ ಅಳತೆಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಹವಳದ ದಿಬ್ಬಗಳು ಅಲೆಗಳ ಶಕ್ತಿಯಲ್ಲಿ ಸರಾಸರಿ ಶೇಕಡಾ 97ರಷ್ಟನ್ನು ಹೀರಿಕೊಳ್ಳುತ್ತವೆ ಎಂದೂ, ಅದರಲ್ಲಿ ನೆತ್ತಿಯೊಂದೇ ಶೇಕಡಾ 86ರಷ್ಟನ್ನು ಕುಗ್ಗಿಸುತ್ತದೆ ಎಂದೂ ತೋರಿಸಿತ್ತು. ಆ ಸಂಖ್ಯೆಗಳನ್ನು ನಾನು ಮೊದಲೇ ಓದಿದ್ದೆ. ಓದುವಾಗ ಅವು ಉತ್ಪ್ರೇಕ್ಷೆಯಂತೆ ತೋರಿದ್ದವು. ಆ ದೋಣಿಯಲ್ಲಿ ಕುಳಿತು ಒಂದು ಕಡೆ ಗುಡುಗನ್ನೂ ಇನ್ನೊಂದು ಕಡೆ ನಿಶ್ಚಲ ನೀರನ್ನೂ ಒಟ್ಟಿಗೆ ನೋಡಿದ ಮೇಲೆ ಹಾಗೆ ತೋರುವುದಿಲ್ಲ. ಅದೇ ವಿಶ್ಲೇಷಣೆ ಖರ್ಚನ್ನೂ ಲೆಕ್ಕ ಹಾಕಿತ್ತು: ಉಷ್ಣವಲಯದಲ್ಲಿ ಅಲೆತಡೆ ಗೋಡೆ ಕಟ್ಟಲು ಮೀಟರಿಗೆ ಸುಮಾರು 19,800 ಡಾಲರ್ ತಗಲಿದರೆ, ಹವಳದ ದಿಬ್ಬದ ಪುನಶ್ಚೇತನಕ್ಕೆ ಸುಮಾರು 1,300 ಡಾಲರ್. ಉಳ್ಳಾಲದವನಿಗೆ ಈ ಲೆಕ್ಕ ತಾಕದೆ ಇರದು. ನಮ್ಮಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನ ಯೋಜನೆಯಡಿ ದಡದಿಂದ ದೂರದಲ್ಲಿ, ನೀರಿನೊಳಗೆ, ಕೃತಕ ದಿಬ್ಬಗಳನ್ನು ಕಟ್ಟಿದ್ದಾರೆ. ಅಲೆಯನ್ನು ದಡಕ್ಕೆ ಬರುವ ಮೊದಲೇ ಒಡೆಯಬೇಕೆಂಬ ಆ ಯೋಜನೆಯ ತತ್ತ್ವ ಅಗತ್ತಿಯ ದಿಬ್ಬದ ತತ್ತ್ವವೇ ಆಗಿದೆ. ಮಳೆಗಾಲದಲ್ಲಿ ನದಿಗಳು ತರುವ ಸಿಹಿನೀರು ಮತ್ತು ಕೆಸರಿನಿಂದಾಗಿ ನಮ್ಮ ಕರಾವಳಿಯ ಅಂಚಿನಲ್ಲಿ ಹವಳ ದಿಬ್ಬ ಕಟ್ಟಲಾರದು. ಮುರುಡೇಶ್ವರದಾಚೆ ನೇತ್ರಾಣಿಯ ಸುತ್ತ ಇರುವಷ್ಟೇ ನಮ್ಮ ಭಾಗ್ಯ. ಆದ್ದರಿಂದ ನಾವು ಹಣ ಕೊಟ್ಟು ಕಟ್ಟಿಸಿದ್ದನ್ನು ಅಗತ್ತಿಯಲ್ಲಿ ಪುಟ್ಟ ಜೀವಿಗಳು ತಾವೇ ಕಟ್ಟಿವೆ, ಸವೆದರೆ ತಾವೇ ದುರಸ್ತಿ ಮಾಡಿಕೊಳ್ಳುತ್ತವೆ.

ದುರಸ್ತಿ ಮಾಡಿಕೊಳ್ಳುತ್ತವೆ ಎಂಬ ಮಾತನ್ನು ಈಗ ಎಚ್ಚರದಿಂದ ಹೇಳಬೇಕಾಗಿದೆ. ದೋಣಿ ಮರಳುವಾಗ ಮಾಲೀಕರು ಗಾಜಿನ ಕೆಳಗೆ ಒಂದು ಜಾಗವನ್ನು ತೋರಿಸಿದರು. ಅಲ್ಲಿ ಕವಲುಹವಳಗಳು ಬೂದು ಬಣ್ಣಕ್ಕೆ ತಿರುಗಿ, ಮೇಲೆ ಪಾಚಿ ಕಟ್ಟಿ, ಒಣ ಸೌದೆಯ ರಾಶಿಯಂತೆ ಬಿದ್ದಿದ್ದವು. ಪ್ರವಾಸಿಗರಿಗೆ ಸಾಮಾನ್ಯವಾಗಿ ಈ ಜಾಗವನ್ನು ತೋರಿಸುವುದಿಲ್ಲ ಎಂದು ಅವರೇ ಹೇಳಿದರು. ಬೇಸಿಗೆಯ ಗರಿಷ್ಠ ಮಟ್ಟಕ್ಕಿಂತ ಕೇವಲ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಿನ ಬಿಸಿ ಕೆಲವು ವಾರ ಮುಂದುವರಿದರೆ ಹವಳವು ತನ್ನೊಡಲಲ್ಲಿ ಇದ್ದು ಆಹಾರ ಒದಗಿಸುವ ಸೂಕ್ಷ್ಮ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ; ಬಿಸಿ ಬೇಗ ಇಳಿಯದಿದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು. 2023ರ ಅಕ್ಟೋಬರಿನಿಂದ ಮುಂದುವರಿದ ಸಮುದ್ರದ ಬಿಸಿಯಿಂದಾಗಿ 2024ರಲ್ಲಿ ಮತ್ತೆ ವ್ಯಾಪಕವಾಗಿ ಬಿಳಿಚಿಕೊಂಡದ್ದನ್ನು ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ವರದಿ ಮಾಡಿತು. ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಷನ್ ಫೌಂಡೇಷನ್ನಿನ ಸಂಶೋಧಕರು 1998ರಿಂದ ಇಲ್ಲಿನ ದಿಬ್ಬಗಳನ್ನು ಗಮನಿಸುತ್ತಾ ಬಂದಿದ್ದಾರೆ. ಅಗತ್ತಿ, ಕಡಮತ್, ಕವರತ್ತಿಗಳಲ್ಲಿ ಜೀವಂತ ಹವಳದ ಹರವು ಎರಡು ದಶಕಗಳಿಗೂ ಸ್ವಲ್ಪ ಹೆಚ್ಚಿನ ಅವಧಿಯಲ್ಲಿ ಸುಮಾರು ಅರ್ಧಕ್ಕೆ ಇಳಿದಿರುವುದನ್ನು ಅವರ ಅಧ್ಯಯನ ತೋರಿಸಿದೆ.

ಹವಳ ಸತ್ತ ದಿನವೇ ಗೋಡೆ ಬೀಳುವುದಿಲ್ಲ. ಸತ್ತ ಹವಳದ ಅಸ್ಥಿಪಂಜರ ಕೆಲವು ವರ್ಷ ನಿಂತೇ ಇರುತ್ತದೆ, ಅಲೆಯನ್ನು ತಡೆಯುತ್ತಲೇ ಇರುತ್ತದೆ. ಹೊರಗಿನಿಂದ ನೋಡಿದವರಿಗೆ ಯಾವ ಬದಲಾವಣೆಯೂ ಕಾಣದು. ಒಳಗೆ ಕೊರೆಯುವ ಹುಳು, ಸ್ಪಂಜು, ಚಿಪ್ಪುಜೀವಿಗಳು ತಮ್ಮ ಕೆಲಸ ಮಾಡುತ್ತಾ ಹೋಗುತ್ತವೆ, ಹೊಸ ಸುಣ್ಣ ಸೇರುವುದು ನಿಂತಿರುತ್ತದೆ, ಕೊನೆಗೆ ಒಂದು ದೊಡ್ಡ ಬಿರುಗಾಳಿ ಬಂದಾಗ ಕುಸಿಯುತ್ತದೆ. ಆಗ ನೆತ್ತಿಯ ಮೇಲಿನ ನೀರು ಒಂದು ಗೇಣು ಆಳವಾಗುತ್ತದೆ, ಮುಂದೆ ಒಂದು ಮೊಳ. ಇತ್ತ ಸಮುದ್ರಮಟ್ಟ 2006ರಿಂದ 2018ರ ನಡುವೆ ಜಾಗತಿಕವಾಗಿ ವರ್ಷಕ್ಕೆ ಸರಾಸರಿ 3.7 ಮಿಲಿಮೀಟರಿನಂತೆ ಏರಿದೆ. ಜೀವಂತ ದಿಬ್ಬ ಆ ಏರಿಕೆಯೊಂದಿಗೆ ತಾನೂ ಬೆಳೆಯಬಲ್ಲದು. ಸತ್ತ ದಿಬ್ಬ ಬೆಳೆಯದು. ನಾನು ಎರಡು ಯಾನಗಳಲ್ಲಿ ಕಂಡ ವ್ಯತ್ಯಾಸದ ಅರ್ಥ ಇಲ್ಲಿದೆ: ಇಲ್ಲಿನ ಉಬ್ಬರ ಇಳಿತಗಳ ಅಂತರ ಒಂದು ಮೀಟರಿನ ಆಸುಪಾಸಿನದು, ಅಷ್ಟಕ್ಕೇ ಲಗೂನಿನ ಶಾಂತಿ ಕದಡಿತ್ತು. ದಿಬ್ಬದ ಮೇಲಿನ ಒಂದು ಮೀಟರ್ ಎತ್ತರ ನಷ್ಟವಾದರೆ ಜಗತ್ತಿನಲ್ಲಿ ಕಡಲ ನೆರೆಯಿಂದಾಗುವ ವಾರ್ಷಿಕ ಹಾನಿ ಇಮ್ಮಡಿಯಾಗುತ್ತದೆ ಎಂದು 2018ರ ಅಧ್ಯಯನವೊಂದು ಅಂದಾಜಿಸಿದ್ದೂ ಇದೇ ಕಾರಣಕ್ಕೆ. ದ್ವೀಪದಲ್ಲಿ ಹಾನಿಯೆಂದರೆ ಮನೆಯಷ್ಟೇ ಅಲ್ಲ. ಮರಳಿನ ಕೆಳಗೆ ಉಪ್ಪುನೀರಿನ ಮೇಲೆ ತೆಳುವಾಗಿ ತೇಲುವ ಮಳೆನೀರಿನ ಪದರವೇ ಇಲ್ಲಿನ ಬಾವಿಗಳ ಆಧಾರ. ಅಲೆ ಒಮ್ಮೆ ನೆಲದ ಮೇಲೆ ಹರಿದರೆ ಬಾವಿಗಳು ಎಷ್ಟೋ ತಿಂಗಳು ಉಪ್ಪಾಗಿಯೇ ಉಳಿಯುತ್ತವೆ. ಬಂಗಾರಂ ದ್ವೀಪದ ಸುತ್ತಲಿನ ಪರಳಿ ಎಂಬ ಜನವಸತಿಯಿಲ್ಲದ ಪುಟ್ಟ ದ್ವೀಪಗಳಲ್ಲಿ ಒಂದು ಈಗಾಗಲೇ ಪೂರ್ತಿಯಾಗಿ ಕೊರೆದುಹೋಗಿರುವುದು 2017ರಲ್ಲಿ ಸುದ್ದಿಯಾಗಿತ್ತು.

ದಿಬ್ಬ ಎಲ್ಲವನ್ನೂ ತಡೆಯುತ್ತದೆ ಎಂದು ನಾನು ಹೇಳುತ್ತಿಲ್ಲ. ಕಲ್ಪೇನಿಯ ಪೂರ್ವ ತೀರದಲ್ಲಿ 1847ರ ಬಿರುಗಾಳಿ ಎಸೆದ ಹವಳದ ತುಂಡುಗಳ ದೊಡ್ಡ ಒಡ್ಡು ಇಂದಿಗೂ ಇದೆ. 2017ರ ಡಿಸೆಂಬರಿನಲ್ಲಿ ಓಖಿ ಚಂಡಮಾರುತವೂ ಈ ದ್ವೀಪಗಳಿಗೆ ಪೆಟ್ಟು ಕೊಟ್ಟಿತು. ಕವರತ್ತಿಯೂ ಸೇರಿದಂತೆ ಕೆಲವು ದ್ವೀಪಗಳ ದಡದಲ್ಲಿ ನಾಲ್ಕು ಕಾಲಿನ ಕಾಂಕ್ರೀಟ್ ಟೆಟ್ರಾಪಾಡುಗಳನ್ನು ಪೇರಿಸಿದ್ದಾರೆ. ಲಗೂನಿಲ್ಲದ ಪೂರ್ವ ಬದಿಯಲ್ಲಿ ಅವುಗಳ ಅಗತ್ಯ ನನಗೆ ಅರ್ಥವಾಗುತ್ತದೆ. ಆದರೆ ಮಾಲ್ಡೀವ್ಸಿನ ಮಾಲೆಯ ಅನುಭವವನ್ನು ಇಲ್ಲಿ ನೆನೆಯುವುದು ಒಳ್ಳೆಯದು: ಅಲ್ಲಿ ಕಟ್ಟಡಕ್ಕಾಗಿ ಹವಳ ಅಗೆದರು, ದಿಬ್ಬದ ಬೆನ್ನಿನ ಮೇಲೆಯೇ ನೆಲ ತುಂಬಿಸಿ ಊರು ಬೆಳೆಸಿದರು, 1987ರಲ್ಲಿ ದೂರದಿಂದ ಬಂದ ಭಾರೀ ಅಲೆಗಳು ರಾಜಧಾನಿಗೆ ನುಗ್ಗಿದವು, ಬಳಿಕ ಜಪಾನಿನ ನೆರವಿನಿಂದ ಟೆಟ್ರಾಪಾಡಿನ ಗೋಡೆ ಕಟ್ಟಬೇಕಾಯಿತು.

ಸೇವೆಯ ಬಗ್ಗೆ ನನ್ನ ತೀರ್ಮಾನ ಇದು. ಮೊದಲ ಯಾನಕ್ಕೆ ಐದರಲ್ಲಿ ಎರಡೂವರೆ ಅಂಕ ಕೊಡುತ್ತೇನೆ. ಕಳೆದ ಅಂಕಗಳು ಲಂಗರಿಗೆ, ಬ್ರೆಡ್ಡಿಗೆ, ಹೇಳದೆ ಉಳಿದ ಮಾತಿಗೆ. ಎರಡನೆಯ ಯಾನಕ್ಕೆ ನಾಲ್ಕೂವರೆ. ದರ ಒಂದೇ, ದೋಣಿ ಒಂದೇ, ಗಾಜಿನ ಗೀರುಗಳೂ ಅವೇ. ಮಾಲೀಕರು ಎರಡನೆಯ ಯಾನವನ್ನೇ ಎಲ್ಲರಿಗೂ ಕೊಡುವುದು ಸಾಧ್ಯವಿದೆ, ಅದಕ್ಕೆ ಹೊಸ ಬಂಡವಾಳ ಬೇಡ. ದಿನದ ಇಳಿತದ ವೇಳೆಯನ್ನು ಬುಕಿಂಗ್ ಮಾಡುವಾಗಲೇ ತಿಳಿಸಿದರೆ ಸಾಕು. ಸತ್ತ ಹವಳದ ಜಾಗವನ್ನೂ ಮುಚ್ಚಿಡದೆ ತೋರಿಸಲಿ ಎಂಬುದು ನನ್ನ ಕೋರಿಕೆ. ನನ್ನ ಮಗಳು ಹೆಚ್ಚು ಪ್ರಶ್ನೆ ಕೇಳಿದ್ದು ಅಲ್ಲಿಯೇ.

ಹೋಗುವವರಿಗೆ ಕೆಲವು ಉಪಯುಕ್ತ ಮಾತುಗಳು. ಲಕ್ಷದ್ವೀಪಕ್ಕೆ ಮುಂಚಿತವಾಗಿ ಪರವಾನಗಿ ಪಡೆಯಬೇಕು. ಮುಂಗಾರಿನಲ್ಲಿ ಈ ವಿಹಾರವನ್ನು ನೆಚ್ಚಿಕೊಳ್ಳುವಂತಿಲ್ಲ. ಸನ್‌ಸ್ಕ್ರೀನ್ ಬಳಿದುಕೊಂಡು ನೀರಿಗೆ ಇಳಿಯುವ ಬದಲು ತುಂಬುತೋಳಿನ ಅಂಗಿ ತೊಡುವುದು ಲೇಸು. ಹವಳಕ್ಕೆ ಹಾನಿಕರವೆನ್ನಲಾದ ಆಕ್ಸಿಬೆಂಜೋನ್ ಇರುವ ಸನ್‌ಸ್ಕ್ರೀನುಗಳ ಮಾರಾಟವನ್ನು ಹವಾಯಿ 2021ರಿಂದ ನಿಷೇಧಿಸಿದೆ. ಸ್ನಾರ್ಕೆಲ್ ಮಾಡುವಾಗ ದಣಿದರೆ ಹವಳದ ಮೇಲೆ ಕಾಲೂರದೆ ಬೆನ್ನ ಮೇಲೆ ತೇಲಿರಿ, ಜಾಕೆಟ್ ನಿಮ್ಮನ್ನು ಹಿಡಿದಿಡುತ್ತದೆ. ದೋಣಿ ನಿಲ್ಲುವಾಗ ಲಂಗರನ್ನು ಮರಳಿಗೆ ಹಾಕಲು ಕೇಳಿಕೊಳ್ಳಿ. ನಾನು ಕಂಡಂತೆ, ಕೇಳಿದರೆ ಹಾಕುತ್ತಾರೆ.